ಗಂಗಣ್ಣನ ಕತ್ತಿನ ಸುಣ್ಣ

"ಇದು ಸುಣ್ಣ, ಡಾಕ್ಟ್ರೇ."

ಸಬ್ ಇನ್‌ಸ್ಪೆಕ್ಟರ್ ಪದ್ಮಶ್ರೀ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಸರ್ಕಾರಿ ಆಸ್ಪತ್ರೆಯ ಆ ಕೋಣೆಯ ಫಿನಾಯಿಲ್ ವಾಸನೆಗೆ ಹೆದರಿ ಬಾಗಿಲಲ್ಲೇ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಲಕ್ಷ್ಮಯ್ಯ ಕೂಡ ಕುತೂಹಲ ತಡೆಯಲಾರದೆ ಎರಡು ಹೆಜ್ಜೆ ಒಳಗೆ ಬಂದ.

ಫೋಟೊದಲ್ಲಿದ್ದದ್ದು ಸತ್ತ ಗಂಗಣ್ಣನ ಕತ್ತಿನ ಹಿಂಭಾಗ. ಕೂದಲು ಮುಗಿಯುವ ಕಡೆ ಅಂಗೈಯಗಲ ಏನೋ ಮೆತ್ತಿಕೊಂಡು, ಒಣಗಿ, ಬಿರುಕು ಬಿಟ್ಟಿತ್ತು.

"ನಾನು ರಿಪೋರ್ಟಲ್ಲಿ ಬರ್ದಿದ್ದೀನಲ್ಲ," ಎಂದರು ಡಾಕ್ಟರ್ ಜ್ಯೋತಿಲಕ್ಷ್ಮಿ. ಶವಪರೀಕ್ಷೆ ಮಾಡಿದವರು ಅವರೇ. "ಕತ್ತಿನ ಹಿಂದೆ ಒಣಗಿದ ಕಂದು ಬಿಳಿ ಪದಾರ್ಥ. ಎರಡನೇ ಪುಟ, ಕೆಳಗಡೆ. ಯಾರಾದ್ರೂ ಓದಿದ್ರೆ ತಾನೆ?"

ಪದ್ಮಶ್ರೀ ಓದಿದ್ದಳು. ಓದಿ, ಬಿದ್ದಾಗ ಹತ್ತಿದ ಮಣ್ಣಿರಬೇಕು ಎಂದು ಪುಟ ತಿರುವಿದ್ದಳು. ಆ ಫೈಲು ಒಂಬತ್ತು ದಿನ ಅವಳ ಮೇಜಿನ ಮೇಲೇ ಬಿದ್ದಿತ್ತು. ಈಗ ಅವಳಿಗೆ ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ.

"ಲಕ್ಷ್ಮಯ್ಯನೋರೇ, ಸುಣ್ಣ ಬೆಲ್ಲ ಕಲಸಿ ಮೈಗೆ ಯಾವಾಗ ಹಚ್ತಾರೆ?"

"ಉಳುಕಿಗೆ ಮೇಡಂ. ಕಾಲು ಉಳುಕಿದ್ರೆ ಕಾಲಿಗೆ, ಕತ್ತು ಉಳುಕಿದ್ರೆ ಕತ್ತಿಗೆ. ಒಣಗಿದ ಮೇಲೆ ಕಿತ್ತರೆ ರೋಮ ಎಲ್ಲಾ ಜೊತೇಲೇ ಬರುತ್ತೆ, ಅಪ್ಪಾ!"

"ಹಾಗಾದ್ರೆ ಬೈರೇಶ್ ಕೈ ಮಾಡೋಕೆ ಮುಂಚೆನೇ ಈ ಮನುಷ್ಯನಿಗೆ ಕತ್ತು ನೋವಿತ್ತು."

ಹೋದ ವಾರ ಸೋಮವಾರ ಬೆಳಿಗ್ಗೆ, ನೆಲಮಂಗಲದ ಕಡೆಯ ಮಧುರೆಯ ಹತ್ತಿರದ ಹಳ್ಳಿಯಲ್ಲಿ ಹಾಲಿನ ಡೇರಿಯ ಮುಂದೆ ಗಂಗಣ್ಣನ ಅಕ್ಕನ ಮಗ ಬೈರೇಶ್ ಜಗಳವಾಡಿ ಅವನನ್ನು ತಳ್ಳಿದ, ಐವತ್ತನಾಲ್ಕರ ಗಂಗಣ್ಣ ನೆಲಕ್ಕೆ ಬಿದ್ದವನು ಮತ್ತೆ ಏಳಲಿಲ್ಲ. ಊರಿಗೆಲ್ಲ ಗೊತ್ತಿದ್ದ ಕಥೆ ಅಷ್ಟೇ.

"ಕೂತ್ಕೊಳ್ಳಿ," ಎಂದರು ಡಾಕ್ಟರು. "ನಾನು ಮೊದಲ ದಿನದಿಂದ ಬಡ್ಕೋತಾ ಇದ್ದೀನಿ. ತಲೆಬುರುಡೆ ಒಡೆದಿಲ್ಲ. ಕಿವಿ ಹಿಂದೆ ಒಂದು ತರಚು ಗಾಯ, ಅಷ್ಟೇ. ಆದ್ರೆ ಮೆದುಳಿನ ತಳದಲ್ಲಿ ರಕ್ತವೋ ರಕ್ತ. ಅನ್ಯೂರಿಸಂ ಅಂತ ಕೇಳಿದ್ದೀರಾ?"

"ಹೆಸರು ಕೇಳಿದ್ದೀನಿ."

"ಸೈಕಲ್ ಟ್ಯೂಬು ಒಂದು ಕಡೆ ಸವೆದು ಗುಳ್ಳೆ ಏಳುತ್ತಲ್ಲ, ಹಾಗೆ. ಮೆದುಳಿನ ರಕ್ತನಾಳದಲ್ಲಿ ಒಂದು ಗುಳ್ಳೆ. ನೂರು ಜನ ದೊಡ್ಡೋರನ್ನ ನಿಲ್ಲಿಸಿ ತಲೆ ಸ್ಕ್ಯಾನ್ ಮಾಡಿದ್ರೆ ಸುಮಾರು ಮೂರು ಜನಕ್ಕೆ ಇರುತ್ತೆ."

"ನೂರಕ್ಕೆ ಮೂರಾ?" ಲಕ್ಷ್ಮಯ್ಯನ ಕೈ ತಾನಾಗಿಯೇ ಟೋಪಿಗೆ ಹೋಯಿತು. "ನಮ್ಮ ಸ್ಟೇಷನ್ನಲ್ಲೇ ಮೂವತ್ತೆರಡು ಜನ ಇದ್ದೀವಿ, ಡಾಕ್ಟ್ರಮ್ಮ!"

"ಹಾಗಾದ್ರೆ ನಿಮ್ಮಲ್ಲಿ ಒಬ್ಬರಿಗೆ ಇರಬಹುದು. ಹೆದರ್ಕೋಬೇಡಿ ಲಕ್ಷ್ಮಯ್ಯ. ಅದನ್ನ ಇಟ್ಕೊಂಡೇ ಎಂಬತ್ತು ವರ್ಷ ಬದುಕಿ, ಇನ್ಯಾವುದೋ ಕಾಯಿಲೆಯಿಂದ ಹೋಗೋರೇ ಜಾಸ್ತಿ. ವರ್ಷಕ್ಕೆ ಲಕ್ಷ ಜನರಲ್ಲಿ ಹತ್ತು ಜನಕ್ಕೆ ಒಡೆದ್ರೆ ಹೆಚ್ಚು."

"ಒಡೆದ್ರೆ?"

ಡಾಕ್ಟರು ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡರು.

"ಒಡೆದ್ರೆ ಮೂರರಲ್ಲಿ ಕಡಿಮೆ ಅಂದ್ರೂ ಒಬ್ಬರು ಸಾಯ್ತಾರೆ. ಕೆಲವರು ಆಸ್ಪತ್ರೆ ಬಾಗಿಲು ಕೂಡ ನೋಡಲ್ಲ. ಉಳಿದೋರಲ್ಲೂ ಎಷ್ಟೋ ಜನಕ್ಕೆ ಮಾತು ಹೋಗುತ್ತೆ, ಇಲ್ಲಾ ಕೈಕಾಲು ಹೋಗುತ್ತೆ. ಬಿ.ಪಿ. ಇದ್ದು ಬೀಡಿ ಸೇದೋರಿಗೆ ಅಪಾಯ ಹೆಚ್ಚು. ಗಂಗಣ್ಣನಿಗೆ ಎರಡೂ ಇತ್ತು. ಅಪ್ಪ, ಅಮ್ಮ, ಒಡಹುಟ್ಟಿದೋರಿಗೆ ಹೀಗೆ ಆಗಿದ್ರೆ ಇನ್ನೂ ಹೆಚ್ಚು."

"ಮತ್ತೆ ರಿಪೋರ್ಟಲ್ಲಿ ಅದನ್ನೇ ಬರೀಬೇಕಿತ್ತಲ್ಲ?"

"ಗುಳ್ಳೆ ಕೈಗೆ ಸಿಗಲಿಲ್ಲ ಪದ್ಮಶ್ರೀ ಅವ್ರೇ! ಅಷ್ಟು ಹೆಪ್ಪುಗಟ್ಟಿದ ರಕ್ತದಲ್ಲಿ ಬಟಾಣಿ ಗಾತ್ರದ್ದನ್ನ ಹುಡುಕೋದು ಹೇಗೆ? ಮೆದುಳನ್ನ ಬೆಂಗಳೂರಿಗೆ ಕಳಿಸಿದ್ದೀನಿ. ದಿನಾ ಫೋನ್ ಮಾಡ್ತೀನಿ. ಆರು ವಾರ ಅಂತಾರೆ."

"ನಾಳೆ ಹನ್ನೊಂದು ಗಂಟೆಗೆ ಬೈರೇಶನ ಜಾಮೀನು ಅರ್ಜಿ ಇದೆ. ಆರು ವಾರ ಯಾರು ಕಾಯ್ತಾರೆ?"

"ಅದಕ್ಕೇ ಈ ಸುಣ್ಣ ಮುಖ್ಯ," ಎಂದು ಡಾಕ್ಟರು ಫೋಟೊವನ್ನು ಬೆರಳಲ್ಲಿ ತಟ್ಟಿದರು. "ಕೆಲವರಿಗೆ ಪೂರ್ತಿ ಒಡೆಯೋಕೆ ಮುಂಚೆ ಗುಳ್ಳೆ ಒಂಚೂರು ಸೋರುತ್ತೆ. ಎರಡು ದಿನ, ನಾಲ್ಕು ದಿನ ಮುಂಚೆ. ಸಿಡಿಲು ಹೊಡೆದ ಹಾಗೆ ಒಂದೇ ಏಟಿಗೆ ತಲೆನೋವು, ವಾಂತಿ, ಆಮೇಲೆ ಕತ್ತು ಬಿಗಿ. ಗಂಗಣ್ಣನಿಗೆ ಹಾಗೆ ಆಗಿತ್ತು ಅಂತ ಯಾರಾದ್ರೂ ಬಾಯಿಬಿಟ್ಟು ಹೇಳಲಿ. ತಳ್ಳಿದ್ದರಿಂದಲೇ ಸತ್ತ ಅಂತ ಹೇಳೋಕೆ ಬರಲ್ಲ ಅಂತ ನಾನು ಕೋರ್ಟಿಗೆ ಬಂದು ಹೇಳ್ತೀನಿ."

* * *

ಬಾಯಿಬಿಟ್ಟು ಹೇಳುವವರು! ಪದ್ಮಶ್ರೀಗೆ ನಗು ಬಂತು, ಜೊತೆಗೇ ಕೋಪವೂ ಬಂತು.

ಡೇರಿಯ ಮುಂದೆ ಆವತ್ತು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವರು ಇಪ್ಪತ್ತೇಳು ಜನ. ಇಪ್ಪತ್ತೇಳು ಜನರನ್ನೂ ಅವಳು ಕೂರಿಸಿ ಕೇಳಿದ್ದಳು. ತಳ್ಳಿದ್ದನ್ನು ಎಲ್ಲರೂ ನೋಡಿದ್ದರು. ಗಂಗಣ್ಣ ತಲೆ ಹಿಡಿದುಕೊಂಡದ್ದು ತಳ್ಳುವ ಮುಂಚೆಯೋ ಆಮೇಲೆಯೋ ಎಂದರೆ ಒಬ್ಬನಿಗೆ ಅದೇ ಕ್ಷಣ ಹಸು ಹಗ್ಗ ಕಿತ್ತಿತ್ತು, ಇನ್ನೊಬ್ಬ ತನ್ನ ಹಾಲಿಗೆ ಫ್ಯಾಟ್ ಎಷ್ಟು ಬಂತು ಎಂದು ಮಿಷನ್ ನೋಡುತ್ತಿದ್ದ, ಮತ್ತೊಬ್ಬಳಿಗೆ ಕಣ್ಣಿಗೆ ಧೂಳು ಬಿದ್ದಿತ್ತು. "ನೀವು ಹೆಂಗೆ ಹೇಳ್ತೀರೋ ಹಂಗೇ ಬರ್ಕೊಳಿ ಮೇಡಂ" ಎಂದವರೂ ಇದ್ದರು.

ಬೈರೇಶನೋ, ಜೈಲಿನಲ್ಲಿ ಕೂತು ಒಂಬತ್ತು ದಿನದಿಂದ ಒಂದೇ ವಾಕ್ಯ: "ತಳ್ಳಿದ್ದು ನಾನೇ ಮೇಡಂ." ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಇಪ್ಪತ್ತೆಂಟರ ಹುಡುಗ. ತಾಯಿ ಇಲ್ಲದವನು. ಮಾವನ ಹೊಲವನ್ನು ತನ್ನದೆಂಬಂತೆ ಉತ್ತು ಬಿತ್ತಿದವನು. ಅವನನ್ನು ನೋಡಿದಾಗಲೆಲ್ಲ ಪದ್ಮಶ್ರೀಯ ಒಳಗೆ ಏನೋ ಒಪ್ಪುತ್ತಿರಲಿಲ್ಲ.

ಜೀಪು ಮಧುರೆ ದಾಟುವಾಗ ಸರ್ಕಲ್ ಇನ್‌ಸ್ಪೆಕ್ಟರ್ ದೇವರಾಜ್ ಫೋನು.

"ಎಲ್ಲಿದ್ದೀಯಮ್ಮಾ?"

"ಗಂಗಣ್ಣನ ಮನೆಗೆ ಹೋಗ್ತಾ ಇದ್ದೀನಿ ಸರ್."

"ಮತ್ತೆ ಅದೇನಾ? ತಳ್ಳಿದ, ಬಿದ್ದ, ಸತ್ತ. ಇಪ್ಪತ್ತೇಳು ಸಾಕ್ಷಿ. ಆರೋಪಿನೇ ಒಪ್ಕೊಂಡಿದ್ದಾನೆ. ನನ್ನ ಸರ್ವಿಸ್ಸಲ್ಲಿ ಇಷ್ಟು ಸಲೀಸಾದ ಕೇಸು ಬಂದಿಲ್ಲ. ನೀನು ನೋಡಿದ್ರೆ ಅದನ್ನ ಕೆದಕಿ ಕೆದಕಿ ಹುಣ್ಣು ಮಾಡ್ತಿದ್ದೀಯ."

"ಸರ್, ಕತ್ತಲ್ಲಿ ಸುಣ್ಣ ಇತ್ತು."

"ಏನು?"

"ಸುಣ್ಣ ಸರ್. ಸುಣ್ಣ ಬೆಲ್ಲ."

"ಪದ್ಮಶ್ರೀ, ಸಾಯಂಕಾಲದೊಳಗೆ ಹೊಸ ಸಾಕ್ಷಿ ತಂದ್ರೆ ತಾ. ಇಲ್ಲಾಂದ್ರೆ ಇರೋದರ ಮೇಲೆ ಜಾಮೀನಿಗೆ ತಕರಾರು ಹಾಕು."

ಫೋನು ಕಟ್ಟಾಯಿತು. ಲಕ್ಷ್ಮಯ್ಯ ಗೇರು ಬದಲಿಸುತ್ತ, "ಮೇಡಂ, ನನಗೂ ಬೆಳಿಗ್ಗೆಯಿಂದ ತಲೆಯ ಈ ಕಡೆ ಒಂಥರಾ ಚುಳ್ ಅಂತಿದೆ," ಎಂದ.

"ಬೆಳಿಗ್ಗೆ ಕಾಫಿ ಕುಡಿದ್ರಾ?"

"ಇಲ್ಲ."

"ಅದಕ್ಕೇ. ಓಡಿಸಿ."

* * *

ಗಂಗಣ್ಣನ ಹೆಂಡತಿ ಮುನಿತಾಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಜೀಪು ನೋಡಿ ಏಳಲಿಲ್ಲ. ಒಳಗಿನಿಂದ ಮಗಳು ರೂಪ ಬಂದು ಎರಡು ಕುರ್ಚಿ ಹಾಕಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಇನ್ನೂ ಏನು ಉಳ್ಕೊಂಡಿದೆ ಮೇಡಮ್ಮೋರೆ? ಹೇಳೋದೆಲ್ಲಾ ಹೇಳಾಯ್ತು."

"ಅಮ್ಮಾ, ಗಂಗಣ್ಣೋರಿಗೆ ಸಾಯೋ ಮುಂಚೆ ತಲೆನೋವು ಏನಾದ್ರೂ ಬಂದಿತ್ತಾ?"

"ಇಲ್ಲ."

"ವಾಂತಿ?"

"ಇಲ್ಲ. ಗುಂಡುಕಲ್ಲಿನಂಗಿದ್ರು. ಹೆಣ್ಣು ಕೊಡ್ಲಿಲ್ಲ ಅಂತ ಆ ಪಾಪಿ ಕೊಂದ. ಭಾನುವಾರ ನೆಲಮಂಗಲದೋರು ಬಂದು ನನ್ನ ಮಗಳಿಗೆ ಹೂ ಮುಡಿಸಿ ಹೋದ್ರು. ಸೋಮವಾರ ಬೆಳಿಗ್ಗೆನೇ ಹಿಂಗ್ ಮಾಡ್ದ. ಇನ್ನೇನು ಬೇಕು ನಿಮಗೆ?"

ಪದ್ಮಶ್ರೀ ಫೋಟೊವನ್ನು ಅವರೆಕಾಯಿ ಮೊರದ ಪಕ್ಕದಲ್ಲಿಟ್ಟಳು. "ಈ ಸುಣ್ಣ ಹಚ್ಚಿದ್ದು ಯಾರು?"

ಸುಲಿಯುತ್ತಿದ್ದ ಕೈ ನಿಂತಿತು.

"ಮೂಟೆ ಎತ್ತುವಾಗ ಉಳುಕಿತ್ತು."

"ಯಾವಾಗ?"

"ಯಾವಾಗ್ಲೋ."

"ಯಾವ ಮೂಟೆ? ರಾಗಿ ಕೊಯ್ಲು ಇನ್ನೂ ಆಗಿಲ್ಲ."

"ಬೂಸಾ ಮೂಟೆ! ಪೊಲೀಸ್ನೋರಿಗೆ ಮೂಟೆ ಲೆಕ್ಕಾನೂ ಕೊಡ್ಬೇಕೇನ್ರೀ?" ಮುನಿತಾಯಮ್ಮ ಮೊರ ಪಕ್ಕಕ್ಕೆ ತಳ್ಳಿದಳು. ಕಾಳು ಚೆಲ್ಲಾಡಿದವು. "ಗಂಡನ್ನ ಕಳ್ಕೊಂಡಿರೋಳು ನಾನು. ನೀವು ಕೊಂದೋನ ಪರ ವಕೀಲಿ ಮಾಡ್ಕೊಂಡು ನನ್ನ ಜಗಲಿಗೆ ಬಂದಿದ್ದೀರಾ?"

"ಅಮ್ಮಾ." ರೂಪ ಬಾಗಿಲಿಂದಲೇ ಅಂದಳು. "ಸಾಕು ಬಿಡಮ್ಮ."

"ಒಳಗ್ ಹೋಗೇ ನೀನು."

"ಗುರುವಾರ ಸಾಯಂಕಾಲ ಮೇಡಂ," ಎಂದಳು ರೂಪ. "ಅಪ್ಪ ಹಸುಗೆ ನೀರಿಡ್ತಾ ಇದ್ರು. ಒಂದೇ ಸಲಕ್ಕೆ 'ಅಯ್ಯೋ ತಲೆ' ಅಂತ ಕೂಗಿ ಕೂತ್ಬಿಟ್ರು. ಯಾರೋ ಹಿಂದಿನಿಂದ ಕೊಡಲೀಲಿ ಹೊಡೆದಂಗಾಯ್ತು ಅಂದ್ರು. ಎರಡು ಸಲ ವಾಂತಿ. ಬಿಸಿಲಿಗೆ ಪಿತ್ತ ಕೆರಳಿದೆ ಅಂದ್ಕೊಂಡ್ವಿ. ಶುಕ್ರವಾರ ಕತ್ತು ಬಗ್ಗಿಸಕ್ಕೇ ಆಗ್ಲಿಲ್ಲ. ಉಳುಕು ಅಂತ ಅಮ್ಮ ಸುಣ್ಣ ಹಾಕಿದ್ಲು."

"ಬಾಯ್ಮುಚ್ಚೇ ರೂಪ!"

"ದೊಡ್ಡತ್ತೆಗೂ ಹಿಂಗೇ ಆಗಿತ್ತು ಮೇಡಂ. ಬೈರೇಶ್ ಬಾವನ ಅಮ್ಮ. ರೊಟ್ಟಿ ತಟ್ತಾ ತಟ್ತಾ ತಲೆ ಹಿಡ್ಕೊಂಡು ಹೋಗ್ಬಿಟ್ರು."

ಮುನಿತಾಯಮ್ಮ ಎದ್ದು ಮಗಳ ಕಡೆ ಕೈಯೆತ್ತಿದಳು. ಕೈ ಅರ್ಧದಲ್ಲೇ ನಿಂತು, ಅವಳದೇ ಬಾಯಿಯ ಮೇಲೆ ಹೋಗಿ ಕೂತಿತು. ಹಾಗೇ ಕುಸಿದು ಕೂತಳು.

"ನಿಮಗೆ ಅರ್ಥ ಆಗಲ್ಲ ಮೇಡಮ್ಮೋರೆ," ಎಂದಳು, ಈಗ ಮೆಲ್ಲಗೆ. "ಕೊಲೆ ಅಂದ್ರೆ ಜನ ಅಯ್ಯೋ ಪಾಪ ಅಂತಾರೆ, ಬಂದು ಜೊತೇಲಿ ಅಳ್ತಾರೆ. ವಂಶದ ಕಾಯಿಲೆ ಅಂದ್ರೆ ಬಾಗಿಲು ಹಾಕ್ಕೋತಾರೆ. ನೆಲಮಂಗಲದೋರು ಆಗಲೇ ಕೇಳಿ ಕಳ್ಸಿದ್ದಾರೆ, ನಿಮ್ಮೋರಿಗೆ ಮೊದಲೇ ಏನಾದ್ರೂ ಇತ್ತಾ ಅಂತ. ಇಲ್ಲ ಅಂತ ನನ್ನ ಬಾಯಾರೆ ಹೇಳಿದ್ದೀನಿ."

"ಅದಕ್ಕೆ ಒಬ್ಬ ಹುಡುಗ ಜೈಲಲ್ಲಿರ್ಬೇಕಾ?"

"ತಳ್ಳಿದ್ದು ಸುಳ್ಳಾ?"

ಸುಳ್ಳಲ್ಲವಲ್ಲ. ಒಂಬತ್ತು ದಿನದಿಂದ ಪದ್ಮಶ್ರೀಯ ತಲೆ ತಿನ್ನುತ್ತಿದ್ದದ್ದೇ ಅದು. ಈ ಕೇಸಿನಲ್ಲಿ ಯಾರೂ ಪೂರ್ತಿ ಸುಳ್ಳು ಹೇಳುತ್ತಿರಲಿಲ್ಲ. ಅಂಥವರ ಬಾಯಿಂದ ನಿಜ ಹೊರಡಿಸುವುದು ಕಳ್ಳನ ಬಾಯಿ ಬಿಡಿಸುವುದಕ್ಕಿಂತ ಕಷ್ಟ.

"ಇದನ್ನ ನಾಳೆ ಕೋರ್ಟಲ್ಲಿ ಹೇಳ್ತೀಯಾ ರೂಪ?"

ರೂಪ ತಾಯಿಯ ಕಡೆ ನೋಡಿದಳು. ಮುನಿತಾಯಮ್ಮ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು.

"ನನ್ನ ಕೈಲಿ ಆಗಲ್ಲ ಮೇಡಂ," ಎಂದಳು ರೂಪ. "ಅಮ್ಮ ಬಾವಿಗೆ ಹಾರ್ತೀನಿ ಅಂದಿದ್ದಾಳೆ. ಆದ್ರೆ ಇನ್ನೊಬ್ರಿಗೆ ಗೊತ್ತು. ಸುಣ್ಣಕ್ಕೆ ಬಗ್ಗಲಿಲ್ಲ ಅಂತ ಶನಿವಾರ ಅಪ್ಪ ಉಳುಕು ತೆಗೆಸಕ್ಕೆ ಸೊಣ್ಣಮ್ಮಜ್ಜಿ ಹತ್ರ ಹೋಗಿದ್ರು. ಯಾರದೋ ಬೈಕಲ್ಲಿ. ನಾನು ಆವತ್ತು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದೆ, ಅಮ್ಮ ಹೊಲದಲ್ಲಿದ್ಲು."

ಜೀಪು ಹತ್ತುವ ಮುಂಚೆ ಪದ್ಮಶ್ರೀ ರೂಪಳನ್ನು ಪಕ್ಕಕ್ಕೆ ಕರೆದು, ಡಾಕ್ಟರ್ ಜ್ಯೋತಿಲಕ್ಷ್ಮಿಯವರ ನಂಬರು ಕೊಟ್ಟಳು. "ಮದುವೆ ಆಮೇಲೆ ನೋಡೋಣ. ಮೊದಲು ಹೋಗಿ ಇವರನ್ನ ಕಾಣು. ಅಪ್ಪನಿಗೂ ಅತ್ತೆಗೂ ಆಗಿದೆ ಅಂತ ಬಿಡಿಸಿ ಹೇಳು. ತಲೆ ಸ್ಕ್ಯಾನ್ ಮಾಡಿಸ್ಬೇಕಾ ಅಂತ ಕೇಳು. ಮೊದಲೇ ಗೊತ್ತಾದ್ರೆ ದಾರಿ ಇದೆಯಂತೆ."

* * *

ಸೊಣ್ಣಮ್ಮನ ಗುಡಿಸಲು ನೆಲಮಂಗಲದ ಕಡೆಗೆ ಹೋಗುವ ಮಣ್ಣುರಸ್ತೆಯ ಪಕ್ಕದಲ್ಲಿತ್ತು. ದೂರದಲ್ಲಿ ಶಿವಗಂಗೆ ಬೆಟ್ಟ ಬಿಸಿಲ ಮಬ್ಬಿನಲ್ಲಿ ಕಾಣುತ್ತಿತ್ತು. ಹೊಂಗೆ ಮರದ ಕೆಳಗೆ ನಾಲ್ಕು ಜನ ಸರದಿ ಕಾಯುತ್ತಿದ್ದರು. ಒಬ್ಬನ ಸೊಂಟ ಹಿಡಿದಿತ್ತು. ಅವನು ಬೋರಲು ಮಲಗಿದ್ದ, ಎಪ್ಪತ್ತು ದಾಟಿದ ಸೊಣ್ಣಮ್ಮ ಗೋಡೆ ಹಿಡಿದುಕೊಂಡು ಎಡಗಾಲಿನ ಹಿಮ್ಮಡಿಯಿಂದ ಅವನ ಬೆನ್ನನ್ನು ಮೂರು ಸಲ ನೀವಿದಳು.

ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ಆ ಕಡೆಯೆಲ್ಲ ಇದೆ. ಅಜ್ಜಿ ಹುಟ್ಟಿದ್ದೇ ಹಾಗೆ. ಅರವತ್ತು ವರ್ಷದಿಂದ ಅವಳ ಕಾಲಿಗೆ ಪುರಸೊತ್ತಿರಲಿಲ್ಲ.

"ಪೊಲೀಸ್ನೋರಿಗೂ ಉಳುಕ್ತದಾ?" ಎಂದು ನಕ್ಕಳು ಸೊಣ್ಣಮ್ಮ. "ಬಾರವ್ವ, ಕೂತ್ಕೋ."

ಗಂಗಣ್ಣನ ಹೆಸರು ಕೇಳಿದೊಡನೆ ಅವಳ ನಗು ಇಳಿಯಿತು.

"ಬಂದಿದ್ದ ಕಣವ್ವ. ಶನಿವಾರ ಮಧ್ಯಾಹ್ನ. ಆದ್ರೆ ನಾನು ಕಾಲು ಮುಟ್ಟಿಸ್ಲಿಲ್ಲ."

"ಯಾಕಜ್ಜಿ?"

"ಅದು ಉಳುಕಲ್ಲ." ಸೊಣ್ಣಮ್ಮ ತನ್ನ ಕತ್ತನ್ನೇ ತಿರುಗಿಸಿ ತೋರಿಸಿದಳು. "ನೋಡು, ಉಳುಕಾಗಿದ್ರೆ ಹಿಂಗೆ ಪಕ್ಕಕ್ಕೆ ತಿರುಗಲ್ಲ. ಅವನದು ಎಡಕ್ಕೂ ತಿರುಗ್ತು, ಬಲಕ್ಕೂ ತಿರುಗ್ತು. ಗದ್ದ ಮಾತ್ರ ಎದೆಗೆ ತಗಲ್ತಿರ್ಲಿಲ್ಲ. ಮರದ ಹಲಗೆ ಇದ್ದಂಗಿತ್ತು. ಕಣ್ಣು ಬಿಸಿಲು ತಡೀತಿರ್ಲಿಲ್ಲ. ಇಷ್ಟು ವರ್ಷದಲ್ಲಿ ಅಂಥ ಕತ್ತು ನಾನು ನೋಡಿರೋದು ಎರಡೇ. ಇನ್ನೊಬ್ಬಳು ನನ್ನ ನಾದಿನಿ. ಅವಳು ಉಳೀಲಿಲ್ಲ."

ಓದು ಬರಹ ಬಾರದ ಈ ಮುದುಕಿ, ಆಸ್ಪತ್ರೆಯ ಡಾಕ್ಟರು ಹೇಳಿದ್ದನ್ನೇ ತನ್ನ ಮಾತಿನಲ್ಲಿ ಹೇಳುತ್ತಿದ್ದಳು. ಒಂಬತ್ತು ದಿನದ ಮೇಲೆ ಕೊನೆಗೂ ಒಂದು ಬಾಯಿ!

"ಲಕ್ಷ್ಮಯ್ಯನೋರೇ, ಫೋನಲ್ಲಿ ವಿಡಿಯೊ ಹಾಕಿ."

"ಓಡ್ತಾ ಇದೆ ಮೇಡಂ."

"ಅಜ್ಜಿ, ನಾಳೆ ಕೋರ್ಟಿಗೆ ಇದು ಬೇಕು. ಆಮೇಲೆ ಏನಾಯ್ತು? ಗಂಗಣ್ಣನಿಗೆ ಏನು ಹೇಳಿದ್ರಿ?"

"ಅವನಿಗ್ಯಾಕೆ ಹೇಳ್ಲಿ? ಕಾಯಿಲೆ ಬಿದ್ದೋನ ಮುಂದೆ ಕೆಟ್ಟ ಮಾತಾಡ್ಬಾರ್ದು, ಎದೆ ಒಡ್ಕೋತಾನೆ. ನಾನು ಯಾವತ್ತೂ ಜೊತೇಲಿ ಬಂದೋರಿಗೇ ಹೇಳೋದು. ಅವನನ್ನ ಆ ಹೊಂಗೆ ನೆರಳಲ್ಲಿ ಕೂರ್ಸಿ, ಬೈಕಲ್ಲಿ ಕರ್ಕೊಂಡು ಬಂದಿದ್ದೋನನ್ನ ಗುಡಿಸಲ ಹಿಂದಕ್ಕೆ ಕರೆದೆ. 'ಇದು ತಲೆ ಒಳಗಿಂದು ಕಣಪ್ಪಾ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗು. ದಾರೀಲಿ ನಿಧಾನಕ್ಕೆ ಹೋಗು, ಕುಲುಕಿಸ್ಬೇಡ. ಅವನ ಮೈಗೆ ಒಂದು ಏಟು ಬಿದ್ರೂ, ಒಂದು ನೂಕು ಬಿದ್ರೂ ಹೋಗ್ಬಿಡ್ತಾನೆ' ಅಂತ ಬಿಡಿಸಿ ಹೇಳ್ದೆ. ಹೂಂ ಅಂದ. ಕಣ್ಣಲ್ಲಿ ನೀರು ತುಂಬ್ಕೊಂಡ."

"ಯಾರು ಅವನು?"

"ಅವನ ಅಕ್ಕನ ಮಗ. ನೀವು ಹಿಡ್ಕೊಂಡು ಹೋಗಿದ್ದೀರಲ್ಲ, ಬೈರೇಶ."

ಹೊಂಗೆ ಮರದ ಕೆಳಗೆ ಯಾರೋ ಕೆಮ್ಮಿದರು. ಲಕ್ಷ್ಮಯ್ಯನ ಕೈಯಲ್ಲಿದ್ದ ಫೋನು ಒಂದು ಗೇಣು ಕೆಳಗಿಳಿಯಿತು.

ಶನಿವಾರ ಗೊತ್ತಾಗಿದೆ. ಮನೆಯಲ್ಲಿ ಒಬ್ಬರಿಗೂ ಹೇಳಿಲ್ಲ, ಆಸ್ಪತ್ರೆಗೂ ಕರೆದುಕೊಂಡು ಹೋಗಿಲ್ಲ. ಭಾನುವಾರ ರೂಪಳಿಗೆ ಬೇರೆಯವರು ಹೂ ಮುಡಿಸಿದ್ದಾರೆ. ಸೋಮವಾರ ಅದೇ ಮಾವನ ಎದೆಗೆ ಕೈ ಹಾಕಿ ನೂಕಿದ್ದಾನೆ.

ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದ ಕಾನೂನು ಪದ್ಮಶ್ರೀಗೆ ಸಾಲುಸಾಲಾಗಿ ನೆನಪಾಯಿತು. ಎದುರಿನವನಿಗೆ ಕಾಯಿಲೆ ಇದೆ ಎಂದು ಗೊತ್ತಿಲ್ಲದೆ ಸಿಟ್ಟಿಗೆ ತಳ್ಳಿದರೆ ಅದರ ತೂಕ ಬೇರೆ. ಈ ಕಾಯಿಲೆಯವನಿಗೆ ಒಂದು ನೂಕು ಸಾಕು ಎಂದು ಗೊತ್ತಿದ್ದೂ, ಸಾಯಲಿ ಎಂದು ನೂಕಿದರೆ ಅದು ಕೊಲೆಯೇ. ಹುಡುಗನನ್ನು ಹೊರಗೆ ತರಲು ಅವಳು ಹುಡುಕಿಕೊಂಡು ಬಂದ ಸಾಕ್ಷಿ ಅವನನ್ನು ಇನ್ನೂ ಒಳಕ್ಕೆ ತಳ್ಳುತ್ತಿತ್ತು. ಡಾಕ್ಟರ ಮಾತಿಗೆ ಈ ಅಜ್ಜಿ ಬೇಕು. ಈ ಅಜ್ಜಿ ಬಂದರೆ ಬೈರೇಶನಿಗೆ ಉಳಿಗಾಲವಿಲ್ಲ.

"ಮೇಡಂ," ಲಕ್ಷ್ಮಯ್ಯ ಪಿಸುಗುಟ್ಟಿದ, "ನಿಲ್ಲಿಸ್ಲಾ?"

ಪದ್ಮಶ್ರೀ ಮೊದಲು ಫೋನಿನ ಕಡೆ, ಆಮೇಲೆ ಅಜ್ಜಿಯ ಕಡೆ ನೋಡಿದಳು.

ಸೊಣ್ಣಮ್ಮ ಸೆರಗು ಸರಿಮಾಡಿಕೊಂಡು, ಫೋನಿನ ಕಡೆಗೇ ಮುಖ ತಿರುಗಿಸಿ, ಸಮಾಧಾನ ಹೇಳುವ ದನಿಯಲ್ಲಿ ಅಂದಳು:

"ಯೋಚ್ನೆ ಮಾಡ್ಬೇಡ ಕಣವ್ವ. ಆ ಹುಡುಗ ಒಳ್ಳೇವ್ನು, ಗೊತ್ತಿದ್ದೂ ಕೊಲ್ಲೋನಲ್ಲ. ನಾಳೆ ಕೋರ್ಟಿಗೆ ನಾನೇ ಬರ್ತೀನಿ. ಅವನಿಗೆ ಎಲ್ಲಾ ಗೊತ್ತಿತ್ತು ಅಂತ ಜಡ್ಜ್ ಸಾಹೇಬ್ರ ಮುಂದೆ ನಾನೇ ಹೇಳ್ತೀನಿ."